ಬೀಗರ ಉಳಿ

ಹಿತ್ತಿಲ ಶೆಡ್ಡಿನಿಂದ ಮರ ಸುಟ್ಟ ವಾಸನೆ ಬಂದಾಗ ರೂಪಶ್ರೀ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನದು ಸೀದಿತೇನೋ ಎಂದು ಮೊದಲು ಅದನ್ನೇ ಮಗುಚಿ ನೋಡಿದಳು. ಅದಲ್ಲ. ಶೆಡ್ಡಿನಲ್ಲಿ ಮಿಷನ್ನು ಕೀರಲು ದನಿಯಲ್ಲಿ ಅರಚಿತು, ಏನೋ ಫಟ್ಟೆಂದು ಸೀಳಿತು, ಆಮೇಲೆ ಎಲ್ಲ ನಿಂತುಹೋಯಿತು. ಅವಳು ಕೈ ಒರೆಸಿಕೊಂಡು ಹಿತ್ತಿಲ ಬಾಗಿಲಿಗೆ ಬರುವಷ್ಟರಲ್ಲಿ ಮಾವ ಉಜ್ಜನಪ್ಪನವರು ಶೆಡ್ಡಿನ ಬಾಗಿಲೆಳೆದು ಚಿಲಕ ಹಾಕುತ್ತಿದ್ದರು.

“ಏನಾತ್ರಿ ಮಾವಾರೆ?”

“ಏನಿಲ್ಲವಾ. ನನ್ನ ಕೈಯಾಗ ಆಗೋ ಕೆಲಸ ಅಲ್ಲ ಅದು.”

ಅಷ್ಟು ಹೇಳಿ ಕಾಲು ತೊಳೆದುಕೊಂಡು ಒಳಗೆ ಹೋದರು. ಊಟಕ್ಕೆ ಕೂತಾಗಲೂ ಮಾತಿಲ್ಲ. ಆ ಮನೆಯಲ್ಲಿ ಉಜ್ಜನಪ್ಪನವರು ಮಾತಿಲ್ಲದೆ ಊಟ ಮಾಡುವುದು ಎಂದರೆ ಸಣ್ಣ ಸಂಗತಿಯಲ್ಲ. ದಾವಣಗೆರೆಯ ಮಂಡಿಪೇಟೆಯಲ್ಲಿ ಮೂವತ್ತೈದು ವರ್ಷ ಬೆಲ್ಲದ ಸಗಟು ವ್ಯಾಪಾರ ಮಾಡಿದವರು. ಅಂಗಡಿ ಮುಂದೆ ನಾಲ್ಕು ಜನ ಸೇರಿದರೆ ನಗಿಸದೆ ಕಳಿಸಿದವರಲ್ಲ. ಎರಡು ವರ್ಷದ ಹಿಂದೆ ಅಂಗಡಿಯನ್ನು ಮಗ, ರೂಪಶ್ರೀಯ ಗಂಡ ಪ್ರಶಾಂತನ ಕೈಗೆ ಬಿಟ್ಟ ಮೇಲೆ ಅವರಿಗೆ ಮರಗೆಲಸದ ಹುಚ್ಚು ಹಿಡಿದಿತ್ತು. ಫೋನಿನಲ್ಲಿ ವಿಡಿಯೋ ನೋಡಿ ಕಲಿತರು. ಮೊದಲು ಒಂದು ಮಣೆ, ಆಮೇಲೆ ಗೋಡೆಗೆ ಹೊಡೆಯುವ ಹಲಗೆ, ಆಮೇಲೆ ಮೊಮ್ಮಗಳು ಬಿಂದುವಿಗೆ ಒಂದು ಗಾಲಿ ಗಾಡಿ. ಗಾಡಿ ಎಡಕ್ಕೇ ಎಳೆಯುತ್ತಿತ್ತು. ಆದರೂ ಎರಡು ವರ್ಷದ ಬಿಂದು ಅದನ್ನು ಬಿಟ್ಟು ಮಲಗುತ್ತಿರಲಿಲ್ಲ.

ಈ ಸಲ ಅವರು ಕೈ ಹಾಕಿದ್ದು ದೊಡ್ಡ ಕೆಲಸಕ್ಕೆ. ಅವರ ಹೆಂಡತಿ ಸರ್ವಮಂಗಳಮ್ಮನವರ ಮೊಣಕಾಲು ಸವೆದಿತ್ತು. ನೆಲದ ಮೇಲೆ ಕೂಡಲೇಬಾರದು ಎಂದು ಡಾಕ್ಟರು ಹೇಳಿದ್ದರು. ಆದರೆ ಇಷ್ಟಲಿಂಗ ಪೂಜೆಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂಡಲು ಆಕೆಗೆ ಮನಸ್ಸೊಪ್ಪದು. ದಿನಾ ಬೆಳಿಗ್ಗೆ ಗೋಡೆ ಹಿಡಿದು ನೆಲಕ್ಕೆ ಕೂತು, ಮತ್ತೆ ಗೋಡೆ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು ಏಳುತ್ತಿದ್ದರು. “ತಡಿ, ನಾನೇ ನಿನಗೊಂದು ಮರದ ಪೀಠ ಮಾಡಿಕೊಡ್ತೀನಿ” ಎಂದು ಉಜ್ಜನಪ್ಪನವರು ಮಾತು ಕೊಟ್ಟಿದ್ದರು. ಹತ್ತಿರದ ಹದಡಿಯಲ್ಲಿ ಯಾರೋ ಹಳೇ ಮನೆ ಕೆಡವಿದಾಗ ತೇಗದ ತೊಲೆಯೊಂದನ್ನು ತಂದು ಸೀಳಿಸಿ ಇಟ್ಟಿದ್ದರು. ಮೊಳೆ ಹೊಡೆಯದೆ, ಕಾಲುಗಳಲ್ಲಿ ಚೌಕದ ತೂತು ಕೊರೆದು, ಅಡ್ಡಪಟ್ಟಿಯ ತುದಿಯನ್ನು ಅದರೊಳಗೆ ಬಿಗಿಯಾಗಿ ಕೂರಿಸುವ ಪೀಠ. ಚೌಕ ತೂತು ಕೊರೆಯುವ ಮಿಷನ್ನೊಂದನ್ನೂ, ಮುಚ್ಚಿಹೋಗುತ್ತಿದ್ದ ಒಂದು ಫರ್ನಿಚರ್ ಅಂಗಡಿಯಿಂದ ಹಳೆಯದನ್ನೇ ಕೊಂಡು ತಂದಿದ್ದರು.

ಮಾರನೇ ದಿನ ಮಾವ ಹೊರಗೆ ಹೋದಾಗ ರೂಪಶ್ರೀ ಶೆಡ್ಡಿನ ಚಿಲಕ ತೆಗೆದು ನೋಡಿದಳು. ಪೀಠದ ಒಂದು ಕಾಲು ಉದ್ದಕ್ಕೆ ಸೀಳಿತ್ತು. ತೂತಿನ ನಾಲ್ಕೂ ಬದಿ ಕಪ್ಪಗೆ ಸುಟ್ಟಿದ್ದವು. ಮಿಷನ್ನಿಗೆ ಸಿಕ್ಕಿಸಿದ್ದ ಉಳಿಯ ತುದಿ ಕಾವಿಗೆ ನೀಲಿಯಾಗಿತ್ತು.

ಅದು ಟೊಳ್ಳು ಉಳಿ. ಬೆರಳು ಗಾತ್ರದ ಚೌಕ ಕೊಳವೆಯಂತಿರುತ್ತದೆ. ಅದರ ನಾಲ್ಕು ಅಂಚುಗಳೂ ಹರಿತ, ಒಳಗೊಂದು ಬೈರಿಗೆ ತಿರುಗುತ್ತದೆ. ಬೈರಿಗೆ ದುಂಡಗೆ ಕೊರೆಯುತ್ತ ಹೋದರೆ ಉಳಿ ಸುತ್ತಲಿನ ಮೂಲೆಗಳನ್ನು ಕತ್ತರಿಸಿ ತೂತನ್ನು ಚೌಕ ಮಾಡುತ್ತದೆ. ಉಳಿ ಮೊಂಡಾದರೆ ಕತ್ತರಿಸುವ ಬದಲು ಮರವನ್ನು ತಿಕ್ಕಿ ಸುಡುತ್ತದೆ. ರೂಪಶ್ರೀಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಅಪ್ಪ ಕೊಟ್ರೇಶಪ್ಪನವರು ಹರಿಹರದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಉಳಿ, ಬೈರಿಗೆ, ಕಟರ್‌ಗಳಿಗೆ ಸಾಣೆ ಹಿಡಿದೇ ನಿವೃತ್ತರಾದವರು. ಆದರೆ ಮದುವೆಯಾಗಿ ಬಂದ ಈ ನಾಲ್ಕು ವರ್ಷದಲ್ಲಿ ಅವಳಿಗೆ ಕಬ್ಬಿಣದ ವಿಷಯ ಗೊತ್ತಿರಬಹುದು ಎಂದು ಈ ಮನೆಯಲ್ಲಿ ಯಾರಿಗೂ ತೋಚಿರಲಿಲ್ಲ. ಅವಳೂ ಹೇಳಿರಲಿಲ್ಲ.

ಸಂಜೆ ಚಹಾ ಕೊಡುವಾಗ ಕೇಳಿದಳು.

“ಮಾವಾರೆ, ಆ ಉಳಿಗೆ ಸಾಣೆ ಹಿಡಿದಿದ್ರೇನ್ರಿ?”

“ಹಿಡಿದಿದ್ದೆನವಾ. ಗ್ರೈಂಡರಿಗೆ ಕೊಟ್ಟು ಸುತ್ತಲೂ ಚೆನ್ನಾಗಿ ಉಜ್ಜಿದೆ. ಉಜ್ಜಿದ ಮೇಲೆ ಇನ್ನೂ ಕೆಟ್ಟುಹೋತು.”

“ನಾಳೆ ಹರಿಹರಕ್ಕೆ ಹೋಗಿ ಅಪ್ಪನ ಹತ್ರ ತೋರಿಸಿಕೊಂಡು ಬರ್ಲೇನ್ರಿ?”

ಉಜ್ಜನಪ್ಪನವರು ಚಹಾದ ಬಸಿ ಕೆಳಗಿಟ್ಟರು. “ಬೀಗ್ರಿಗೆ ಯಾಕ ತೊಂದ್ರೆ ಕೊಡಾದು. ಅವರು ನಮ್ಮ ಮನೆ ಕಡೆ ಬರಾದೇ ಅಪರೂಪ” ಎಂದರು. ಬೇಡ ಎನ್ನಲಿಲ್ಲ.

ಅಪರೂಪ ಎಂಬ ಮಾತು ರೂಪಶ್ರೀಗೆ ನಾಟಿತು. ಅಪ್ಪ ಬರುತ್ತಿದ್ದರು, ಆದರೆ ಯುಗಾದಿಗೆ, ಪಂಚಮಿಗೆ ಗೇಟಿನ ಹತ್ತಿರ ನಿಂತು ಸೀರೆ, ಉಂಡಿ ಡಬ್ಬಿ ಕೊಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೋಗಿಬಿಡುತ್ತಿದ್ದರು. ಬಿಂದುವಿನ ನಾಮಕರಣದ ದಿನವೂ ಮಗುವಿನ ಕೈಗೆ ಬೆಳ್ಳಿ ಕಡಗ ಹಾಕಿ, ಪಂಕ್ತಿಗೆ ಎಲೆ ಹಾಕುವ ಮೊದಲೇ ಎದ್ದು ಹೋಗಿದ್ದರು. ಅವತ್ತು ಅವಳು ಕೋಣೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಅಪ್ಪನಿಗೆ ತಾನೇ ಬೇಡವಾಗಿದ್ದೇನೆ ಎಂದು ಎಷ್ಟೋ ಸಲ ಅನ್ನಿಸಿತ್ತು.

ಮರುದಿನ ಬಿಂದುವನ್ನು ಅತ್ತೆಯ ಹತ್ತಿರ ಬಿಟ್ಟು, ಎರಡು ಉಳಿಗಳನ್ನು ಅವುಗಳ ಬೈರಿಗೆ ಸಮೇತ ಹಳೇ ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಒಂದು ಕಾಲಿಂಚಿನದು, ಬರೀ ಮೊಂಡಾದದ್ದು. ಇನ್ನೊಂದು ನೀಲಿಯಾಗಿದ್ದ ಅರ್ಧ ಇಂಚಿನದು. ಮುಕ್ಕಾಲು ಇಂಚಿನದೊಂದು ತುಕ್ಕು ಹಿಡಿದಿತ್ತು, ಅದನ್ನು ಅಲ್ಲೇ ಬಿಟ್ಟಳು. ಹರಿಹರಕ್ಕೆ ಅರ್ಧ ತಾಸಿನ ದಾರಿ.

ಕೊಟ್ರೇಶಪ್ಪನವರ ಮನೆ ಹೊಳೆ ಕಡೆಯ ಬೀದಿಯಲ್ಲಿ. ಪಡಸಾಲೆಯ ಒಂದು ಬದಿಗೆ ಕಡೆಯುವ ಸಣ್ಣ ಲೇತು, ಮೇಜು, ಅದಕ್ಕೆ ಕೂರಿಸಿದ, ಸಾಮಾನು ಬಿಗಿದು ಹಿಡಿಯುವ ವೈಸು. ನಿವೃತ್ತರಾದರೂ ಸುತ್ತಲಿನ ಬಡಗಿಗಳು ಗರಗಸ, ಉಳಿ ತಂದುಕೊಡುತ್ತಲೇ ಇದ್ದರು. ಮಗಳು ಟವೆಲ್ ಬಿಚ್ಚಿದಾಗ ಅವರು ಅರ್ಧ ಇಂಚಿನ ಉಳಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

“ಯಾವ ಪುಣ್ಯಾತ್ಮ ಇದನ್ನ ಹೊರಗಿಂದ ಉಜ್ಜಿದ್ದು? ಟೊಳ್ಳು ಉಳಿಗೆ ಒಳಗಿಂದ ಸಾಣೆ ಹಿಡೀಬೇಕು. ಹೊರಗೆ ಉಜ್ಜಿದರೆ ತುದಿ ಸಣ್ಣ ಆಗ್ತೈತೆ, ಹಿಂದಿನ ಭಾಗ ತೂತಿನಾಗ ಸಿಕ್ಕಿಕೊಳ್ತೈತೆ. ಮೇಲೆ ಬೇರೆ ಕಾವು ಏರಿಸಿ ಹದ ಕೆಡಿಸ್ಯಾನೆ.”

“ನಮ್ಮ ಮಾವಾರು, ಅಪ್ಪ.”

ಕೊಟ್ರೇಶಪ್ಪನವರು ಉಳಿಯನ್ನು ಮೆಲ್ಲಗೆ ಟವೆಲ್ಲಿನ ಮೇಲೆ ಇಟ್ಟರು.

“ಹಂಗಾದ್ರೆ ನಾನು ಮುಟ್ಟಲ್ಲ ಬಿಡು.”

“ಯಾಕಪ್ಪ? ಏನು ಮಾಡ್ಯಾರೆ ಅವರು ನಿನಗೆ? ನಾಕು ವರ್ಷ ಆತು, ನಮ್ಮ ಮನ್ಯಾಗ ಒಂದು ತುತ್ತು ಉಂಡಿಲ್ಲ ನೀನು. ನಾನೇನು ತಪ್ಪು ಮಾಡೀನಿ ಹೇಳು.”

ಅವಳ ದನಿ ಏರಿದ್ದು ಕೇಳಿ ಅಡುಗೆಮನೆಯಿಂದ ತಾಯಿ ಹೊರಗೆ ಬಂದರು. “ಹೇಳಿಬಿಡ್ರಿ. ಎಷ್ಟು ದಿನ ನುಂಗಿಕೊಂಡು ಇರ್ತೀರಿ” ಎಂದರು.

ಕೊಟ್ರೇಶಪ್ಪನವರು ಹೇಳಿದರು. ನಿಶ್ಚಿತಾರ್ಥದ ಊಟ. ಹುಡುಗಿ ಒಳಗಿದ್ದಳು. ಹುಡುಗನ ಕಡೆಯ ಹಿರಿಯರೊಬ್ಬರು, ಬೀಗರು ಏನು ಮಾಡಿಕೊಂಡಿದ್ದಾರೆ ಎಂದು ಕೇಳಿದ್ದರು. ಉಜ್ಜನಪ್ಪನವರು ನಗುತ್ತ, “ಮೂವತ್ತು ವರ್ಷ ಕಬ್ಬಿಣ ತಿಕ್ಕ್ಯಾರೆ. ಎಷ್ಟು ತಿಕ್ಕಿದರೂ ಅದು ಬಂಗಾರ ಆಗಲಿಲ್ಲ, ಪಾಪ” ಎಂದಿದ್ದರು. ಇಡೀ ಪಂಕ್ತಿ ನಕ್ಕಿತ್ತು. ಎಲೆಯ ಮೇಲಿದ್ದ ಹೋಳಿಗೆಯನ್ನು ಕೊಟ್ರೇಶಪ್ಪನವರು ಮುಗಿಸಿದ್ದರು, ಏಕೆಂದರೆ ಅರ್ಧಕ್ಕೆ ಎದ್ದರೆ ಮಗಳ ಸಂಬಂಧ ಕೆಡುತ್ತಿತ್ತು. ಅಲ್ಲಿಂದಾಚೆ ಬೀಗರ ಮನೆಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವರಿಗೆ ಗೊತ್ತಾಗಿತ್ತು.

ರೂಪಶ್ರೀಗೆ ಮಾವನ ಮೇಲೆ ಸಿಟ್ಟು ಬಂತು. ಅದರ ಜೊತೆಗೇ, ಅಪ್ಪನಿಗೆ ತಾನು ಬೇಡವಾಗಿರಲಿಲ್ಲ ಎಂಬ ಸಮಾಧಾನವೂ ಬಂತು. ಎರಡೂ ಒಟ್ಟಿಗೇ ಬಂದು ಕಣ್ಣು ತುಂಬಿದವು.

“ನೀನು ಮಾಡಬ್ಯಾಡ. ನನಗೆ ಕಲಿಸು” ಎಂದಳು ಕೊನೆಗೆ. “ಇದು ನಮ್ಮ ಅತ್ತೆ ಪೂಜೆಗೆ ಕೂಡೋ ಪೀಠ. ದಿನಾ ಆಕಿ ನೆಲದಿಂದ ಏಳೋದನ್ನ ನಾನು ನೋಡಲಾರೆ.”

ಮಗಳಿಗೆ ಇಲ್ಲ ಎನ್ನಲು ಅವರಿಂದಾಗಲಿಲ್ಲ. ಕಾಲಿಂಚಿನ ಉಳಿಯನ್ನು ಬಾಯಿ ಮೇಲಾಗಿ ವೈಸಿಗೆ ಕಚ್ಚಿಸಿದರು. ಬುಗುರಿಯಂಥ ಒಂದು ಸಾಣೆಕಲ್ಲು ತಂದರು. ಅದರ ಮೂತಿಗೆ ಸಣ್ಣ ಹಿತ್ತಾಳೆ ಕಡ್ಡಿಯೊಂದನ್ನು ಲೇತಿನಲ್ಲಿ ಕಡೆದು ಕೂರಿಸಿದರು. ಕಡ್ಡಿ ಉಳಿಯ ಟೊಳ್ಳಿನೊಳಗೆ ಸರಿಯಾಗಿ ಕೂತರೆ ಕಲ್ಲು ಓಲಾಡದೆ ನಾಲ್ಕೂ ಕಡೆ ಒಂದೇ ಸಮ ತೆಗೆಯುತ್ತದೆ. ಅದನ್ನು ಕೈಬೈರಿಗೆಗೆ ಸಿಕ್ಕಿಸಿ ಮಗಳ ಕೈಗೆ ಕೊಟ್ಟರು.

“ಅವಸರ ಬ್ಯಾಡ. ಹತ್ತು ಸುತ್ತು ಹಾಕು, ನಿಲ್ಲಿಸು, ನೋಡು. ಮೂಲೆಗೆ ಕಲ್ಲು ಮುಟ್ಟಲ್ಲ, ಅಲ್ಲಿ ಈ ಮೂರು ಮೂಲೆ ಅರ ಆಡಿಸು.”

ಅವಳು ಹಾಗೇ ಮಾಡಿದಳು. ಹೈಸ್ಕೂಲಿನಲ್ಲಿದ್ದಾಗ ರಜೆಯ ದಿನ ಅಪ್ಪನ ಪಕ್ಕ ಕೂತು ಅರಗಳನ್ನು ಒರೆಸಿಡುತ್ತಿದ್ದ ಕೈ ಅದು, ಮರೆತಿರಲಿಲ್ಲ. ಒಳಗಿನ ಬೈರಿಗೆಯ ಬಾಯನ್ನೂ ಒಳಬದಿಯಿಂದಷ್ಟೇ ಅರ ಹಾಕಿ ಹರಿತ ಮಾಡಿದಳು. ಮಧ್ಯಾಹ್ನ ಕಾಲಿಂಚಿನದು ಮುಗಿಯಿತು.

ಊಟ ಮಾಡಿ ಕೈ ತೊಳೆದು ಪಡಸಾಲೆಗೆ ಬಂದರೆ ಅಪ್ಪ ಗ್ರೈಂಡರಿನ ಮುಂದೆ ಬಗ್ಗಿ ನಿಂತಿದ್ದರು. ಅರ್ಧ ಇಂಚಿನ ಉಳಿಯನ್ನು ಕಲ್ಲಿಗೆ ಒಂದು ಚಣ ಮುಟ್ಟಿಸುವುದು, ನೀರಿನಲ್ಲಿ ಅದ್ದುವುದು, ಮತ್ತೆ ಮುಟ್ಟಿಸುವುದು. ನೀಲಿಯಾದ ತುದಿಯನ್ನು ಕಾವೇರದಂತೆ ಸವೆಸಿ ತೆಗೆಯುತ್ತಿದ್ದರು, ಕೆಳಗಿನ ಒಳ್ಳೆಯ ಉಕ್ಕು ಕಾಣುವ ತನಕ.

ಮಗಳು ನೋಡುತ್ತಿರುವುದು ಗೊತ್ತಾಗಿ, ತಲೆಯೆತ್ತದೆ ಹೇಳಿದರು: “ಉಕ್ಕಿನ ತಪ್ಪು ಏನೈತೆ ಇದರಾಗ.”

ಮರುದಿನ ಬೆಳಿಗ್ಗೆ ದಾವಣಗೆರೆಯ ಶೆಡ್ಡಿನಲ್ಲಿ ರೂಪಶ್ರೀಯೇ ಉಳಿಯನ್ನು ಮಿಷನ್ನಿಗೆ ಕಟ್ಟಿದಳು. ಬೈರಿಗೆ ಉಳಿಗೆ ಉಜ್ಜಿದರೆ ಮತ್ತೆ ಕಾವು ಹುಟ್ಟುತ್ತದೆಂದು ನಡುವೆ ಒಂದು ರೂಪಾಯಿ ನಾಣ್ಯ ಇಟ್ಟು, ಅಷ್ಟೇ ಸಂದು ಉಳಿಸಿ ಬಿಗಿ ಮಾಡಿದಳು. ಉಜ್ಜನಪ್ಪನವರು ಕಣ್ಣು ಬಿಟ್ಟು ನೋಡುತ್ತಿದ್ದರು. ಒಂದು ತುಂಡು ತೇಗವಿಟ್ಟು ಹಿಡಿಕೆ ಎಳೆದರು. ಉಳಿ ಸದ್ದಿಲ್ಲದೆ ಇಳಿಯಿತು. ಹೊಗೆಯಿಲ್ಲ. ಚಕ್ಕೆಗಳು ಸುರುಳಿ ಸುರುಳಿಯಾಗಿ ಹೊರಗೆ ಬಿದ್ದವು. ತೂತಿನ ಒಳಬದಿ ಹಸಿ ಗಜ್ಜರಿ ಕೊಯ್ದಂತೆ ನುಣ್ಣಗಿತ್ತು.

“ಬೀಗ್ರು ಮಾಡಿದ್ರಾ?”

“ಇದು ಅಪ್ಪ ಮಾಡಿದ್ದು. ಆ ಸಣ್ಣದು ನಾನು.”

“ನೀನಾ?” ಅವರು ಸೊಸೆಯನ್ನು ಹೊಸದಾಗಿ ನೋಡಿದಂತೆ ನೋಡಿದರು. ಆಮೇಲೆ ಕೇಳಿದರು, “ಇಷ್ಟು ಮಾಡಿಕೊಡೋ ಮನುಷ್ಯ ನಮ್ಮ ಮನ್ಯಾಗ ಯಾಕ ಒಂದು ದಿನ ಊಟಕ್ಕೆ ಕೂಡಲ್ಲವಾ?”

ಹೇಳಬೇಕೋ ಬಿಡಬೇಕೋ ಎಂದು ಅವಳು ಒಂದು ಕ್ಷಣ ತಡವರಿಸಿದಳು. ಸೊಸೆಯಾಗಿ ಮಾವನಿಗೆ ಹೇಳುವ ಮಾತಲ್ಲ. ಆದರೂ ಅಪ್ಪ ಹೇಳಿದ್ದನ್ನು ಕೂಡಿಸದೆ ಕಳೆಯದೆ ಹೇಳಿದಳು.

“ನಾನು ಹಂಗಂದೆನಾ? ನನಗೆ ನೆನಪೇ ಇಲ್ಲ.”

ಶೆಡ್ಡಿನ ಬಾಗಿಲಲ್ಲಿ ಬಿಂದುವಿನ ಕೈ ಹಿಡಿದು ನಿಂತಿದ್ದ ಸರ್ವಮಂಗಳಮ್ಮನವರು ಹೇಳಿದರು: “ಅಂದಿದ್ರಿ. ಅವತ್ತು ಸಂಜೆನೇ ನಾನು ನಿಮಗೆ ಹೇಳಿದೆ, ಬೀಗ್ರ ಮುಖ ಸಣ್ಣ ಆತು ಅಂತ. ಚಾಷ್ಟಿ ಮಾತಿಗೆ ಯಾರು ಬ್ಯಾಸರ ಮಾಡ್ಕೊಳ್ತಾರೆ ಬಿಡು ಅಂದ್ರಿ.”

ಉಜ್ಜನಪ್ಪನವರು ಮಿಷನ್ನಿನ ಸ್ವಿಚ್ಚು ಆರಿಸಿದರು. ನಾಲ್ಕು ದಿನ ಪೀಠದ ಕೆಲಸ ಮುಂದುವರಿಯಲಿಲ್ಲ. ಶೆಡ್ಡಿನಲ್ಲಿ ಸುಮ್ಮನೆ ಕೂತು ಬರುತ್ತಿದ್ದರು. ಐದನೇ ದಿನ ಬೆಳಿಗ್ಗೆ ತುಕ್ಕು ಹಿಡಿದ ಮುಕ್ಕಾಲು ಇಂಚಿನ ಉಳಿಯನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗಿಟ್ಟುಕೊಂಡು, “ನಡಿಯವಾ, ಹರಿಹರಕ್ಕೆ ಹೋಗಿ ಬರಣ” ಎಂದರು. ಪ್ರಶಾಂತ ಕಾರು ಕಳಿಸುತ್ತೇನೆಂದರೂ ಕೇಳದೆ ಬಸ್ಸಿಗೇ ಹೊರಟರು. ದಾರಿಯುದ್ದಕ್ಕೂ ರೂಪಶ್ರೀಗೆ ಒಂದೇ ಯೋಚನೆ. ಇಬ್ಬರೂ ಮಾತಿಗೆ ಮಾತು ಬೆಳೆಸಿಬಿಟ್ಟರೆ ತಾನು ಯಾರ ಕಡೆ ನಿಲ್ಲಬೇಕು?

ಬೀಗರನ್ನು ಬಾಗಿಲಲ್ಲಿ ಕಂಡು ಕೊಟ್ರೇಶಪ್ಪನವರು ಎದ್ದು ನಿಂತರು. “ಬರ್ರಿ ಬೀಗ್ರೆ. ಕೂಡ್ರಿ” ಎಂದು ಕುರ್ಚಿ ತೋರಿಸಿದರು. ಮರ್ಯಾದೆಯಲ್ಲಿ ಕೊರತೆಯಿಲ್ಲ, ಪ್ರೀತಿಯೂ ಇಲ್ಲ.

“ಕೂಡಾಕ ಬಂದಿಲ್ರಿ. ಕಲಿಯಾಕ ಬಂದೀನಿ” ಎಂದು ಉಜ್ಜನಪ್ಪನವರು ಜೇಬಿನಿಂದ ಉಳಿ ತೆಗೆದು ಮೇಜಿನ ಮೇಲಿಟ್ಟರು. “ಎರಡು ನೀವಿಬ್ರೂ ಮಾಡೀರಿ. ಇದೊಂದು ನನ್ನ ಕೈಲಿ ಮಾಡಿಸ್ರಿ.”

ಕೊಟ್ರೇಶಪ್ಪನವರು ಉಳಿಯ ತುಕ್ಕನ್ನು ಸೀಮೆಎಣ್ಣೆಯಲ್ಲಿ ಒರೆಸಿ, ವೈಸಿಗೆ ಕಚ್ಚಿಸಿ, ಕೈಬೈರಿಗೆಯನ್ನು ಮುಂದೆ ಚಾಚಿದರು. ಉಜ್ಜನಪ್ಪನವರು ಅಂಗಿಯ ತೋಳು ಮಡಚಿ ಶುರು ಮಾಡಿದರು.

“ಒತ್ತಬ್ಯಾಡ್ರಿ. ಕಲ್ಲಿನ ತೂಕನೇ ಸಾಕು.”

ಹತ್ತು ಸುತ್ತು, ನಿಲ್ಲಿಸು, ನೋಡು. ಅರ್ಧ ತಾಸಿಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು, ತೋಳು ನಡುಗುತ್ತಿತ್ತು. ಉಳಿಯ ಅಂಚು ಇನ್ನೂ ಬೆಳಕಿಗೆ ಮಿನುಗುತ್ತಲೇ ಇತ್ತು, ಅಂದರೆ ಮೊಂಡು ಹೋಗಿರಲಿಲ್ಲ.

“ದಿನಕ್ಕೆ ಎಷ್ಟು ತಾಸು ಮಾಡ್ತಿದ್ರಿ ಇದನ್ನ?” ಎಂದು ಕೇಳಿದರು.

“ಎಂಟು. ಓಟಿ ಇದ್ರೆ ಹನ್ನೆರಡು.”

“ಎಷ್ಟು ವರ್ಷ?”

“ಮೂವತ್ತೊಂದು.”

ಉಜ್ಜನಪ್ಪನವರ ಕೈ ನಿಂತಿತು. ಉಳಿಯನ್ನೇ ನೋಡುತ್ತ ಹೇಳಿದರು, “ಬೀಗ್ರೆ, ಅವತ್ತು ಊಟದಾಗ ನಾನು ಅಂದ ಮಾತು ನನಗೆ ನೆನಪಿಲ್ಲ. ನೆನಪಿಲ್ಲ ಅನ್ನೋದು ಅದಕ್ಕಿಂತ ದೊಡ್ಡ ನಾಚಿಕೆ. ನಿಮ್ಮ ಕೆಲಸ ಏನು ಅಂತ ಗೊತ್ತಿಲ್ಲದೆ ಆಡಿದೆ. ನಂದು ತಪ್ಪಾತು.”

ಚಹಾ ಹಿಡಿದು ಬಂದ ರೂಪಶ್ರೀ ಬಾಗಿಲಲ್ಲೇ ನಿಂತಳು.

“ನಗಿಸಾಕ ಅಂದ್ರಿ ಅಂತ ನನಗೂ ಗೊತ್ತಿತ್ರಿ” ಎಂದರು ಕೊಟ್ರೇಶಪ್ಪನವರು ನಿಧಾನವಾಗಿ. “ನನಗೆ ಅಂದಿದ್ದು ಹೋಗಲಿ. ಅವತ್ತು ನಕ್ಕೋರು ಎಲ್ಲ ನನ್ನ ಮಗಳು ಹೋಗಿ ಬಾಳೋ ಮನೆಯೋರು. ಆಕಿಗೂ ಹಿಂಗೇ ನಗ್ತಾರೇನೋ ಅಂತ ಹೆದರಿದೆ. ಬಂದು ನೋಡಾಕ ಧೈರ್ಯ ಆಗಲಿಲ್ಲ. ಗೇಟಿನಾಗೇ ನಿಂತು ಬಂದುಬಿಡ್ತಿದ್ದೆ.”

“ಯಾರೂ ನಕ್ಕಿಲ್ಲಪ್ಪ” ಎಂದಳು ರೂಪಶ್ರೀ. “ಒಂದು ದಿನಾನೂ ನಕ್ಕಿಲ್ಲ.”

ಅವರು ಮಗಳ ಮುಖವನ್ನು ನೋಡಿದರು. ಸುಳ್ಳು ಹೇಳುವಾಗ ಅವಳು ಹೇಗೆ ಕಾಣುತ್ತಾಳೆಂದು ಅವರಿಗೆ ಗೊತ್ತಿತ್ತು. ಆಮೇಲೆ ಬೀಗರ ಕಡೆ ತಿರುಗಿ, “ಕಲ್ಲು ಒಣಗೇತಿ, ಎರಡು ಹನಿ ಎಣ್ಣೆ ಹಾಕ್ಕೊಳ್ರಿ” ಎಂದರು.

ಮತ್ತೊಂದು ತಾಸಾಯಿತು. ಈಗ ಅಂಚು ಬಂದಿತ್ತು. ಕೊಟ್ರೇಶಪ್ಪನವರು ಉಜ್ಜನಪ್ಪನವರ ತೋರುಬೆರಳನ್ನು ಹಿಡಿದು ಉಳಿಯ ಹೊರಬದಿಯಲ್ಲಿ ಮೆಲ್ಲಗೆ ಕೆಳಗಿನಿಂದ ಮೇಲಕ್ಕೆ ಎಳೆದರು.

“ಏನೋ ತಡೀತೈತೆ ನೋಡ್ರಿ, ಕೂದಲಿನಷ್ಟು. ಅದಕ್ಕೆ ಬರ್ ಅಂತೀವಿ. ಒಳಗೆ ಚೆನ್ನಾಗಿ ಸಾಣೆ ಕೂತ್ರೆ ಹೊರಗೆ ಅದು ಏಳ್ತೈತೆ. ಕಣ್ಣಿಗೆ ಕಾಣಲ್ಲ, ಬೆರಳಿಗೇ ಗೊತ್ತಾಗಬೇಕು.”

“ಹೌದ್ರಿ. ಸಿಕ್ಕಿತು” ಎಂದು ಉಜ್ಜನಪ್ಪನವರು ಪರೀಕ್ಷೆ ಪಾಸಾದವರಂತೆ ಮುಖವರಳಿಸಿದರು. ನಾಲ್ಕು ಹೊರಬದಿಯನ್ನೂ ಚಪ್ಪಟೆ ಕಲ್ಲಿನ ಮೇಲೆ ಒಂದೊಂದೇ ಸಲ ಎಳೆದು ಆ ಬರ್ ತೆಗೆದರು. ಅವತ್ತು ಇಬ್ಬರೂ ಅಲ್ಲೇ ಒಟ್ಟಿಗೆ ಉಂಡರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಉಜ್ಜನಪ್ಪನವರು ಮೂರನೇ ರೊಟ್ಟಿ ಹಾಕಿಸಿಕೊಂಡು, ಮಂಡಿಪೇಟೆಯಲ್ಲಿ ಬೆಲ್ಲದ ಪೆಂಟೆಗೆ ಹಸುವೊಂದು ಬಾಯಿ ಹಾಕಿದ ಕತೆ ಹೇಳಿದರು. ನಗೆಪಾಟಲಾದದ್ದು ಆ ಕತೆಯಲ್ಲಿ ಅವರೇ. ಕೊಟ್ರೇಶಪ್ಪನವರು ಮೀಸೆಯಲ್ಲೇ ನಕ್ಕರು.

ಪೀಠ ಇನ್ನೆರಡು ವಾರ ಹಿಡಿಯಿತು. ಒಡೆದ ಕಾಲಿನ ಬದಲು ಹೊಸದನ್ನು ಕೊಯ್ದರು. ಎಂಟು ತೂತುಗಳಲ್ಲಿ ಏಳಕ್ಕೆ ಪಟ್ಟಿಯ ತುದಿ ಮೊದಲ ಸಲಕ್ಕೇ ಬಿಗಿಯಾಗಿ ಕೂತಿತು, ಎಂಟನೆಯದು ಸಡಿಲವಾಯಿತು. ಫೋನಿನಲ್ಲಿ ಬೀಗರನ್ನು ಕೇಳಿ, ತೆಳುವಾದ ತೇಗದ ಚಕ್ಕೆಯನ್ನು ಅಂಟು ಹಚ್ಚಿ ಸೇರಿಸಿದರು. ಸಾಣೆಯನ್ನು ಮಾವ ಸೊಸೆ ಸರದಿಯಲ್ಲಿ ಹಿಡಿದರು. ಮೊದಲ ದಿನ ಸರ್ವಮಂಗಳಮ್ಮನವರು ಅದರ ಮೇಲೆ ಕೂತು ಪೂಜೆ ಮುಗಿಸಿ, ಗೋಡೆ ಹಿಡಿಯದೆ ಎದ್ದರು. ವಿಭೂತಿಯ ಕೈಯಲ್ಲೇ ಪೀಠದ ಅಂಚನ್ನು ಒಮ್ಮೆ ಸವರಿ ಒಳಗೆ ಹೋದರು. ಉಜ್ಜನಪ್ಪನವರಿಗೆ ಅಷ್ಟು ಸಾಕಾಗಿತ್ತು.

ಮುಂದಿನ ಭಾನುವಾರ ಕೊಟ್ರೇಶಪ್ಪನವರೂ ಅವರ ಹೆಂಡತಿಯೂ ದಾವಣಗೆರೆಗೆ ಬಂದರು. ಕೊಟ್ರೇಶಪ್ಪನವರು ಗೇಟಿನ ಹತ್ತಿರ ಅಭ್ಯಾಸದಂತೆ ಒಂದು ಗಳಿಗೆ ನಿಂತರು, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಪೀಠವನ್ನು ಬೋರಲು ಹಾಕಿ ಒಂದೊಂದು ಜೋಡಣೆಯನ್ನೂ ಉಗುರಿನಿಂದ ಮುಟ್ಟಿ ನೋಡಿದರು. ಸಡಿಲವಾಗಿದ್ದ ಎಂಟನೆಯದು ಅವರ ಉಗುರಿಗೆ ಸಿಕ್ಕಿತು, ಏನೂ ಅನ್ನಲಿಲ್ಲ. ಊಟಕ್ಕೆ ಕರೆದಾಗ ಎಲೆಯ ಮುಂದೆ ಕೂತರು. ಅಪ್ಪ ಅನ್ನ ಕಲಸಿ ಮೊದಲ ತುತ್ತು ಬಾಯಿಗಿಡುವ ತನಕ ರೂಪಶ್ರೀ ಸಾರಿನ ಸೌಟು ಹಿಡಿದು ನಿಂತೇ ಇದ್ದಳು.

ಊಟವಾದ ಮೇಲೆ ಬೀಗರಿಬ್ಬರೂ ಹೊರಕೋಣೆಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತರು. ಅವಳು ಪಾತ್ರೆ ತೊಳೆದಿಟ್ಟು ಬಂದು ನೋಡಿದರೆ ಅಪ್ಪ ಚಾಪೆಯ ಮೇಲೆ ಒಂದು ಮಗ್ಗುಲಾಗಿ, ತೋಳನ್ನೇ ತಲೆಗೆ ಕೊಟ್ಟುಕೊಂಡು ನಿದ್ದೆ ಹೋಗಿದ್ದರು. ಬೇರೆಯವರ ಮನೆಯಲ್ಲಿ ಅವರು ಹಾಗೆ ಕಣ್ಣು ಮುಚ್ಚಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಉಜ್ಜನಪ್ಪನವರು ಟಿವಿಯ ದನಿ ಪೂರ್ತಿ ಇಳಿಸಿ, ಬಿಂದುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು.

“ಸದ್ದು ಮಾಡಬ್ಯಾಡವಾ” ಎಂದು ಮೊಮ್ಮಗಳ ಕಿವಿಯಲ್ಲಿ ಹೇಳಿದರು. “ನಿಮ್ಮ ಹರಿಹರದ ಅಜ್ಜ ಮಲಗ್ಯಾರೆ.”

ರೂಪಶ್ರೀ ಒಳಗೆ ಹೋಗಿ ಒಂದು ದಿಂಬು ತಂದಳು.